ದೇವರ ಕಾಣಿಕೆಗೆ ಕಮಿಷನ್ ಎಂತಕ್ಕೆ ಮಾರಾಯ್ರೆ?

ನಮ್ಮ ಮನೆಯಲ್ಲಿ ಶನಿವಾರ ರಾತ್ರಿ ಊಟ ಆದ ಮೇಲೆ ಒಂದು ಕೆಲಸ ಉಂಟು. ಅಮ್ಮ ಕಪಾಟಿನಿಂದ ಹಳೇ ಬಿಸ್ಕೆಟಿನ ಡಬ್ಬಿ ತೆಗೀತಾರೆ. ಅದರಲ್ಲಿ ಸಭೆಯಿಂದ ಕೊಟ್ಟ ಕಾಣಿಕೆ ಲಕೋಟೆಗಳ ಕಟ್ಟು, ಒಂದು ಪೆನ್ನು, ಬ್ಯಾಂಕಿನಿಂದ ತಂದ ನೂರರ ನೋಟುಗಳು. ಒಂದು ಲಕೋಟೆಗೆ ಎರಡು ನೋಟು ಹಾಕಿ, ಮೇಲೆ ತಾರೀಕು ಬರೆದು, ಬೈಬಲಿನ ಒಳಗೆ ಸಿಕ್ಕಿಸಿ ಇಟ್ಟು ಮಲಗುದು. ಅಮ್ಮನಿಗೆ ಈಗ ಎಂಬತ್ತನಾಲ್ಕು. ಅಪ್ಪನ ಫ್ಯಾಮಿಲಿ ಪೆನ್ಶನ್ ಬಿಟ್ರೆ ಬೇರೆ ಉತ್ಪತ್ತಿ ಇಲ್ಲ. ಆದಿತ್ಯವಾರದ ಆ ಇನ್ನೂರು ರೂಪಾಯಿಗೋಸ್ಕರ ಅವರು ವಾರದಲ್ಲಿ ಎಂತದ್ದೆಲ್ಲ ಬಿಡ್ತಾರೆ ಅಂತ ನನಗೆ ಗೊತ್ತುಂಟು. ಮೀನಿನವಳು ಬಂದಾಗ ಬಂಗುಡೆಯ ರೇಟು ಕೇಳುದು, ಮತ್ತೆ ಬೂತಾಯಿ ತಗೊಳ್ಳುದು.

ಕಳೆದ ವರ್ಷ ಆ ಡಬ್ಬಿ ಕಪಾಟಿನ ಒಳಗೇ ಉಳಿಯಿತು. ನನ್ನ ತಮ್ಮನ ಮಗ ನಮ್ಮ ಸಭೆಯ ಕಮಿಟಿಯಲ್ಲಿ ಖಜಾಂಚಿ. ಒಳ್ಳೆ ಹುಡುಗ, ಅದನ್ನು ಮೊದಲೇ ಹೇಳ್ತೇನೆ. ಕೆಲಸದಿಂದ ಬಂದು ರಾತ್ರಿ ಹನ್ನೊಂದರವರೆಗೆ ಸಭೆಯ ಲೆಕ್ಕ ಹಿಡಿದು ಕೂತುಕೊಳ್ಳುವವ. ಅವನು ಒಂದು ಕಂಪೆನಿಯ ಕಾಣಿಕೆ ಆ್ಯಪ್ ತಂದ. ಕಮಿಟಿಯವರು ಒಪ್ಪಿದ್ರು, ಅಯ್ಯನವರು ಪ್ರಸಂಗದ ಮುಂಚೆ ಪ್ರಕಟಣೆ ಮಾಡಿದ್ರು, ಬಾಗಿಲ ಹತ್ತಿರ ಬಣ್ಣದ ಬೋರ್ಡು ನಿಂತಿತು. "ಅಜ್ಜೀ, ಇನ್ನು ಲಕೋಟೆ ಎಲ್ಲ ಬೇಡ, ಇಲ್ಲಿ ಒತ್ತಿದ್ರೆ ಸಾಕು" ಅಂತ ಅಮ್ಮನ ಫೋನಿಗೂ ಹಾಕಿ ಕೊಟ್ಟ. ಮೊಮ್ಮಗ ಹೇಳಿದ ಮೇಲೆ ಅಮ್ಮ ಬೇಡ ಹೇಳುದುಂಟಾ? ವರ್ಷವಿಡೀ ಆದಿತ್ಯವಾರ ಬೆಳಿಗ್ಗೆ ನಾನು ಪಕ್ಕದಲ್ಲಿ ಕೂತು ಒತ್ತಿಸಿದ್ದೇ ಆಯ್ತು. ಇನ್ನೂರು ರೂಪಾಯಿ ಬಂದಿದೆ, ಧನ್ಯವಾದ ಅಂತ ರಶೀದಿ ಟಣ್ ಅಂತ ಬರ್ತಿತ್ತು.

ನಾನು ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು, ಹೆಚ್ಚಿನ ಕಾಲ ಕ್ಯಾಶ್ ಕೌಂಟರಿನಲ್ಲಿ. ಹಾಗಾಗಿ ಮಾರ್ಚ್ ಮುಗಿದ ಮೇಲೆ ಆಡಿಟರಿಗೆ ಕೊಡುವ ಮೊದಲು ಪುಸ್ತಕ ಒಮ್ಮೆ ನೋಡಿ ಕೊಡಿ ಅಂತ ನನ್ನನ್ನು ಕರೆದ್ರು. ನೋಡಿದೆ. ಆ್ಯಪಿನಿಂದ ಸಭೆಯವರಿಗೆ ಹೋದ ರಶೀದಿಗಳ ಒಟ್ಟು ಮೊತ್ತ 4,80,000 ರೂಪಾಯಿ. ಸಭೆಯ ಖಾತೆಗೆ ಆ್ಯಪಿನಿಂದ ಬಂದದ್ದು 4,54,512. ಮೂರು ಸಲ ಕೂಡಿಸಿದೆ. 25,488 ರೂಪಾಯಿ ಎಲ್ಲಿ?

ಯಾರೂ ಕದ್ದದ್ದಲ್ಲ. ಒಪ್ಪಂದದಲ್ಲಿಯೇ ಉಂಟು. ಹಣ ಯಾವ ದಾರಿಯಲ್ಲಿ ಬಂದರೂ ನೂರಕ್ಕೆ ಎರಡು ರೂಪಾಯಿ ಕಂಪೆನಿಗೆ. ಅದು 9,600. ಆ ಫೀಸಿನ ಮೇಲೆ ನೂರಕ್ಕೆ ಹದಿನೆಂಟರಂತೆ ಜಿಎಸ್‌ಟಿ, 1,728. ಮತ್ತೆ ಆ್ಯಪ್ ಇಟ್ಟುಕೊಂಡದ್ದಕ್ಕೆ ತಿಂಗಳಿಗೆ ಸಾವಿರ, ಅದಕ್ಕೂ ಜಿಎಸ್‌ಟಿ, ಹನ್ನೆರಡು ತಿಂಗಳಿಗೆ 14,160. ಎಲ್ಲ ಕೂಡಿಸಿ ನೋಡಿ, 25,488 ಸರಿಯಾಗಿ ಬರ್ತದೆ. "ಬರೀ ಎರಡು ಪರ್ಸೆಂಟ್" ಅಂತ ಕಮಿಟಿಯಲ್ಲಿ ಹೇಳಿದ್ದು ವರ್ಷದ ಕೊನೆಗೆ ಐದು ಪರ್ಸೆಂಟ್ ದಾಟಿತು. ಸಾವಿರಕ್ಕೆ ಐವತ್ತಮೂರು ರೂಪಾಯಿ.

ನನಗೆ ಸಿಟ್ಟು ಬಂದದ್ದು ಆ ಸಂಖ್ಯೆಗಿಂತ ಹೆಚ್ಚು ಅದನ್ನು ಬರೆದ ರೀತಿಗೆ. ಪುಸ್ತಕದಲ್ಲಿ "ಆನ್‌ಲೈನ್ ಕಾಣಿಕೆ 4,54,512" ಅಂತ ಒಂದೇ ಸಾಲು. ಖರ್ಚಿನ ಬದಿಯಲ್ಲಿ ಎಂತದ್ದೂ ಇಲ್ಲ. ಕಂಪೆನಿ ತನ್ನ ಪಾಲು ಹಿಡಿದುಕೊಂಡೇ ಉಳಿದದ್ದನ್ನು ಕಳಿಸುವ ಕಾರಣ, ನಮ್ಮ ಪುಸ್ತಕಕ್ಕೆ ಆ ಖರ್ಚು ಬರಲೇ ಇಲ್ಲ. ಗುಡಿಸುವವಳ ಸಂಬಳ ಉಂಟು, ಕರೆಂಟ್ ಬಿಲ್ ಉಂಟು, ಹಾರ್ಮೋನಿಯಂ ರಿಪೇರಿಯ 850 ರೂಪಾಯಿ ಕೂಡ ಉಂಟು. ಇಪ್ಪತ್ತೈದು ಸಾವಿರ ಮಾತ್ರ ಇಲ್ಲ. ಮಹಾಸಭೆಯಲ್ಲಿ ಹಾರ್ಮೋನಿಯಂ ಮೇಲೆ ಅರ್ಧ ಗಂಟೆ ಜಗಳ ಆಗ್ತಿತ್ತು, ಇದರ ಬಗ್ಗೆ ಒಬ್ಬರೂ ಬಾಯಿ ಬಿಡ್ತಿರಲಿಲ್ಲ. ಕಾಣದ ಖರ್ಚಿನ ಬಗ್ಗೆ ಯಾರು ಕೇಳುದು?

ನಮ್ಮ ಸಭೆಯಿಂದ ಇಬ್ಬರು ವಿಧವೆಯರಿಗೆ ತಿಂಗಳಿಗೆ ಸಾವಿರದಂತೆ ಕೊಡ್ತಾರೆ. ವರ್ಷಕ್ಕೆ 24,000. ಅದನ್ನು ಸಾವಿರದ ಐನೂರು ಮಾಡುವ ಅಂತ ಸ್ತ್ರೀಯರ ಸಂಘದಿಂದ ಕೇಳಿದಾಗ "ಫಂಡಿಲ್ಲ" ಅಂತ ಉತ್ತರ ಬಂತು. ಅದೇ ವರ್ಷ ಆ್ಯಪಿಗೆ ಹೋದದ್ದು ಅದಕ್ಕಿಂತ ಹೆಚ್ಚು. ಫಂಡು ಇತ್ತು ಮಾರಾಯ್ರೆ, ಬೇರೆ ದಾರಿ ಹಿಡಿದು ಹೋಗಿತ್ತು.

ಅಮ್ಮನ ಇನ್ನೂರು ರೂಪಾಯಿಯಲ್ಲಿ ಫೀಸು ನಾಲ್ಕು, ಜಿಎಸ್‌ಟಿ ಎಪ್ಪತ್ತೆರಡು ಪೈಸೆ, ಒಟ್ಟು 4 ರೂಪಾಯಿ 72 ಪೈಸೆ. ಐವತ್ತೆರಡು ವಾರಕ್ಕೆ 245 ರೂಪಾಯಿ. ತಿಂಗಳ ಬಾಡಿಗೆ ಬಿಟ್ಟೇ ಹೇಳ್ತಿದ್ದೇನೆ. ಅಂದ್ರೆ ವರ್ಷದಲ್ಲಿ ಒಂದು ಆದಿತ್ಯವಾರ ಅಮ್ಮ ಕೊಟ್ಟದ್ದು ಪೂರ್ತಿ ದೇವರ ಮನೆಗೆ ಬರಲಿಲ್ಲ. ಎಲ್ಲಿಯೋ ಇರುವ ಒಂದು ಕಂಪೆನಿಗೆ ಹೋಯಿತು. ಅವರ ಬೂತಾಯಿ-ಬಂಗುಡೆಯ ವ್ಯತ್ಯಾಸ ಅಲ್ಲಿಗೆ ಮುಟ್ಟಿತು.

ಇಂಗ್ಲಿಷಿನಲ್ಲಿ ಸ್ಟೀವರ್ಡ್‌ಶಿಪ್ ಅಂತ ದೊಡ್ಡ ಮಾತು ಉಂಟಲ್ಲ, ವರ್ಷಕ್ಕೊಮ್ಮೆ ಅದಕ್ಕೊಂದು ಆದಿತ್ಯವಾರ ಮೀಸಲಿಟ್ಟು ಪ್ರಸಂಗ ಕೂಡ ಮಾಡ್ತಾರೆ, ಅದಕ್ಕೆ ನಮ್ಮ ಹಿರಿಯರ ಕನ್ನಡದಲ್ಲಿ ಒಂದು ಒಳ್ಳೆ ಶಬ್ದ ಉಂಟು: ಮನೆವಾರ್ತೆ. ಮನೆ ನಡೆಸುವ ಕೆಲಸ. ಅಕ್ಕಿ ಎಷ್ಟು ಉಂಟು, ತೆಂಗಿನಕಾಯಿ ಎಷ್ಟು ಬಿತ್ತು, ಯಾರಿಗೆ ಎಷ್ಟು ಕೊಡ್ಲಿಕ್ಕುಂಟು ಅಂತ ಯಜಮಾನನಿಗೆ ಲೆಕ್ಕ ಒಪ್ಪಿಸುವವನೇ ಮನೆವಾರ್ತೆಯವ. ಪ್ರಸಂಗದಲ್ಲಿ ಈ ಮಾತು ಬಂದ ಕೂಡಲೇ ನಮಗೆ ಹೇಳುದು ಒಂದೇ, ಹೆಚ್ಚು ಕೊಡಿ. ಕೊಡುವವರ ಮನೆವಾರ್ತೆ ಮಾತ್ರವಾ? ತಗೊಳ್ಳುವವರದ್ದು ಬೇಡವಾ? ಮನೆಯಲ್ಲಿ ಹಾಲಿನವನಿಗೆ ಲೀಟರಿಗೆ ಎರಡು ರೂಪಾಯಿ ಹೆಚ್ಚಾದ್ರೆ ನಾವು ಹತ್ತು ಸಲ ಕೇಳ್ತೇವೆ. ದೇವರ ಮನೆಯಲ್ಲಿ ನೂರಕ್ಕೆ ಐದು ಹೋದ್ರೆ ಕೇಳ್ಬಾರದಾ?

ಕಾಣಿಕೆಯ ಲೆಕ್ಕ ಹೇಗಿರ್ಬೇಕು ಅಂತ ಬೈಬಲಿನಲ್ಲಿಯೇ ಉಂಟು. ಯೋವಾಷ ಅರಸನ ಕಾಲದಲ್ಲಿ ದೇವಾಲಯದ ರಿಪೇರಿ ವರ್ಷಾನುಗಟ್ಟಲೆ ಆಗದೆ ಉಳಿದಾಗ, ಯಾಜಕ ಯೆಹೋಯಾದ ಒಂದು ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಮಾಡಿ ಯಜ್ಞವೇದಿಯ ಬದಿಯಲ್ಲಿ ಇಡಿಸಿದ. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕ ಒಬ್ಬ, ಮಹಾಯಾಜಕ ಒಬ್ಬ, ಇಬ್ಬರೂ ಸೇರಿ ಎಣಿಸಿ ಬಡಗಿಗಳಿಗೆ, ಕಲ್ಲುಕುಟಿಗರಿಗೆ ಕೊಡ್ತಿದ್ರು. ಇಬ್ಬರು ಎಣಿಸುವ ಪದ್ಧತಿ ನಮ್ಮ ಸಭೆಯ ವೆಸ್ಟ್ರಿಯಲ್ಲಿ ಇವತ್ತಿಗೂ ಉಂಟು. ಪೌಲ ಯೆರೂಸಲೇಮಿನ ಬಡವರಿಗೆ ಹಣ ಕೂಡಿಸಿದಾಗ ಒಬ್ಬನೇ ಹೊತ್ತುಕೊಂಡು ಹೋಗ್ಲಿಲ್ಲ, ಯಾರೂ ಬೆರಳು ತೋರಿಸಬಾರದು ಅಂತ ಸಭೆಗಳು ಆರಿಸಿದವರನ್ನೂ ಜೊತೆಗೆ ಇಟ್ಟುಕೊಂಡ.

ಮತ್ತೆ ಆ ಹಣ ಬದಲಾಯಿಸುವವರ ಮೇಜುಗಳು. ಅವರು ಅಲ್ಲಿ ಎಂತ ಮಾಡ್ತಿದ್ರು ಅಂತ ನಾವು ಯೋಚಿಸುದು ಕಡಿಮೆ. ದೇವಾಲಯದ ತೆರಿಗೆ ಅರ್ಧ ಶೆಕೆಲನ್ನು ತೂರ್ ಪಟ್ಟಣದ ಬೆಳ್ಳಿ ನಾಣ್ಯದಲ್ಲಿ ಕೊಡ್ಬೇಕಿತ್ತು. ಜನರ ಕೈಯಲ್ಲಿದ್ದದ್ದು ಬೇರೆ ನಾಣ್ಯ. ಬದಲಾಯಿಸಿ ಕೊಡುವವರು ಅದಕ್ಕೆ ಸ್ವಲ್ಪ ವಟ್ಟ ಹಿಡೀತಿದ್ರು. ಅವರೂ ಹೇಳಿರಬಹುದು, "ಜನರ ಅನುಕೂಲಕ್ಕೆ ಮಾಡುದು, ಬರೀ ಇಷ್ಟೇ ಪರ್ಸೆಂಟ್" ಅಂತ. ಆ ಮೇಜುಗಳು ಎಂತ ಆದವು ಅಂತ ಸಂಡೇ ಸ್ಕೂಲಿನ ಮಕ್ಕಳಿಗೂ ಗೊತ್ತುಂಟು.

ಇದನ್ನೆಲ್ಲ ಹೇಳಿದಾಗ ತಮ್ಮನ ಮಗನಿಗೆ ಬೇಜಾರಾಯ್ತು. "ಮಾಮಿ, ನೀವು ಹಳೇ ಕಾಲದವರು. ಈಗ ಯಾರ ಕಿಸೆಯಲ್ಲಿ ನೋಟು ಉಂಟು? ಮಕ್ಕಳು ಬಸ್ಸಿಗೂ ಫೋನಿನಲ್ಲಿಯೇ ಕೊಡುದು. ಚೀಲ ಬಂದಾಗ ಖಾಲಿ ಕೈ ಹಾಕ್ತಾರೆ" ಅಂದ. ಅದು ಸರಿ. ನಾನು ಆನ್‌ಲೈನಿಗೆ ವಿರೋಧ ಅಲ್ಲ. 2020ರ ಮಾರ್ಚಿನಲ್ಲಿ ಎಲ್ಲ ಬಂದ್ ಆಗಿ ದೇವಾಲಯದ ಬಾಗಿಲು ಹಾಕಿದಾಗ, ಕಾಣಿಕೆ ಚೀಲ ಗೋಡೆಯ ಮೊಳೆಯಲ್ಲಿ ನೇತಾಡಿಕೊಂಡಿದ್ದಾಗ, ಸಂಬಳ ಕೊಡ್ಲಿಕ್ಕೆ ಆದದ್ದು ಫೋನಿನಿಂದ ಬಂದ ಹಣದಲ್ಲೇ. ನನ್ನ ಪ್ರಶ್ನೆ ಬೇರೆ. ಪುಕ್ಕಟೆ ದಾರಿ ಬಾಗಿಲಲ್ಲೇ ಇರುವಾಗ ಸುಂಕದ ದಾರಿ ಹಿಡಿದದ್ದು ಎಂತಕ್ಕೆ?

ಸ್ವಲ್ಪ ಬ್ಯಾಂಕಿನ ವಿಷಯ ಹೇಳ್ತೇನೆ, ತಾಳ್ಮೆಯಿಂದ ಓದಿ, ನಿಮ್ಮ ಸಭೆಗೂ ಉಪಯೋಗಕ್ಕೆ ಬಂದೀತು. ಅಂಗಡಿಯವ ಕಾರ್ಡಿನಿಂದ ಹಣ ತಗೊಂಡ್ರೆ ಅವನ ಹಣದಿಂದ ಬ್ಯಾಂಕಿನವರು ಹಿಡಿಯುವ ಪಾಲಿಗೆ ಎಂಡಿಆರ್ ಅಂತ ಹೆಸರು. ಡೆಬಿಟ್ ಕಾರ್ಡಿಗೆ 2018ರ ಜನವರಿಯಿಂದ ರಿಸರ್ವ್ ಬ್ಯಾಂಕಿನ ಮಿತಿ ಉಂಟು: ವರ್ಷಕ್ಕೆ 20 ಲಕ್ಷದೊಳಗಿನ ವಹಿವಾಟಿದ್ದವರಿಗೆ ಹೆಚ್ಚೆಂದರೆ ನೂರಕ್ಕೆ 40 ಪೈಸೆ, ಅದಕ್ಕಿಂತ ದೊಡ್ಡವರಿಗೆ 90 ಪೈಸೆ. ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿ ಇಲ್ಲ, ಸಾಮಾನ್ಯ ನೂರಕ್ಕೆ ಎರಡರ ಹತ್ತಿರ ಹೋಗ್ತದೆ. ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ 2020ರ ಜನವರಿ 1ರಿಂದ ಎಂಡಿಆರ್ ಸೊನ್ನೆ. ಹೌದು, ಸೊನ್ನೆ. ಉಳಿತಾಯ ಖಾತೆಯವರು ನೆಟ್ ಬ್ಯಾಂಕಿಂಗಿನಲ್ಲಿ ನೆಫ್ಟ್ ಮಾಡಿದ್ರೆ ಅದಕ್ಕೂ ಅದೇ ಸಮಯದಿಂದ ಚಾರ್ಜಿಲ್ಲ.

ಸಭೆಯ ಖಾತೆ ಇರುವ ಬ್ಯಾಂಕಿಗೆ ಹೋಗಿ ಕೇಳಿದ್ರೆ ಸಭೆಯ ಹೆಸರಿನಲ್ಲಿಯೇ ಒಂದು ಕ್ಯೂಆರ್ ಕೋಡ್ ಕೊಡ್ತಾರೆ. ಅದಕ್ಕೆ ಅಮ್ಮ ಇನ್ನೂರು ಹಾಕಿದ್ರೆ ಇನ್ನೂರೇ ಬರ್ತದೆ. ಆದರೆ ಅದೇ ಯುಪಿಐಯನ್ನು ನಡುವೆ ಒಂದು ಕಂಪೆನಿಯ ಆ್ಯಪಿನಿಂದ ಹಾಯಿಸಿದ್ರೆ, ಎಂಡಿಆರ್ ಇಲ್ಲದಿದ್ದರೂ ಕಂಪೆನಿ ತನ್ನದೊಂದು ಪ್ಲಾಟ್‌ಫಾರ್ಮ್ ಫೀ ಹಾಕ್ತದೆ. ನಮ್ಮ ಸಭೆಯಲ್ಲಿ ಆ್ಯಪಿನಿಂದ ಕೊಟ್ಟವರಲ್ಲಿ ಹೆಚ್ಚಿನವರು ಕೊಟ್ಟದ್ದು ಯುಪಿಐಯಲ್ಲೇ. ಬಾವಿ ನಮ್ಮದೇ ಅಂಗಳದಲ್ಲಿ ಉಂಟು, ನೀರು ಸೇದಿ ಕೊಡ್ಲಿಕ್ಕೆ ಆಚೆ ಬೀದಿಯವನಿಗೆ ಕೊಡಕ್ಕೆ ಇಷ್ಟು ಅಂತ ಕೊಟ್ಟ ಹಾಗಾಯ್ತು.

"ರಶೀದಿ ತನ್ನಿಂದ ತಾನೇ ಹೋಗ್ತದೆ ಮಾಮಿ, ಮೊದಲು ನಾನೇ ಬರೀಬೇಕಿತ್ತು" ಅಂದ. ಅದೂ ನ್ಯಾಯವೇ. ಅವನಿಗೂ ಮನೆ ಉಂಟು, ಮಗು ಉಂಟು. ಆದರೆ ಅವನ ಮೊದಲಿನ ಖಜಾಂಚಿ ಮಾಸ್ಟ್ರು ಇಪ್ಪತ್ತು ವರ್ಷ ಕಾರ್ಬನ್ ಪೇಪರ್ ಇಟ್ಟು ರಶೀದಿ ಬರೆದ್ರು, ಒಂದು ಪೈಸೆ ತಗೊಳ್ಳದೆ. ಬರೀಲಿಕ್ಕೆ ಕಷ್ಟ ಅಂತಾದ್ರೆ ಸಭೆಯಲ್ಲಿ ಬಿಕಾಂ ಓದುವ ಮಕ್ಕಳು ಎಷ್ಟು ಮಂದಿ ಇಲ್ಲ? ಯುಪಿಐಯಲ್ಲಿ ಹಣ ಹಾಕುವಾಗ ಒಂದು ಸಾಲು ಬರೀಲಿಕ್ಕೆ ಜಾಗ ಉಂಟು. ಅಲ್ಲಿ ಕುಟುಂಬದ ನಂಬ್ರ ಹಾಕಿದ್ರೆ ತಿಂಗಳ ಕೊನೆಗೆ ಬ್ಯಾಂಕಿನ ಸ್ಟೇಟ್‌ಮೆಂಟ್ ಇಟ್ಟುಕೊಂಡು ಇಬ್ಬರು ಒಂದು ಸಂಜೆಯಲ್ಲಿ ಮುಗಿಸ್ಬಹುದು. ಚಾ ಮತ್ತು ಗೋಳಿಬಜೆ ನಾನು ಕೊಡ್ತೇನೆ.

ಇನ್ನೊಂದು ಸಂಗತಿ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಆ್ಯಪಿನಲ್ಲಿ ಹಣ ಹಾಕುವಾಗ ಕೊನೆಗೆ ಒಂದು ಚೌಕ ಬರ್ತದೆ, ಸಭೆಗೆ ಪೂರ್ತಿ ಮೊತ್ತ ಮುಟ್ಟಲು ಈ ಖರ್ಚನ್ನೂ ನೀವೇ ಕೊಡ್ತೀರಾ ಅಂತ. ಅಮೆರಿಕದ ಚರ್ಚುಗಳ ಆ್ಯಪುಗಳಲ್ಲಿ ಇದು ಮೊದಲಿನಿಂದ ಉಂಟು, ಅಲ್ಲಿಂದ ಇಲ್ಲಿಗೆ ಬಂದದ್ದು. ಅಮ್ಮ ಒಂದು ವಾರ "ಇದೆಂತ ಕೇಳ್ತದೆ?" ಅಂತ ಕೇಳಿದ್ರು. ನಾನೂ ಗಮನಿಸದೆ "ಏನೋ ಉಂಟು, ಬಿಡಿ" ಅಂದಿದ್ದೆ. ಈಗ ನಾಚಿಕೆ ಆಗ್ತದೆ. ಯಾರು ಹೆಚ್ಚು ಭಕ್ತಿಯವರೋ ಅವರಿಂದಲೇ ಕಮಿಷನ್ ಕೂಡ ವಸೂಲು ಮಾಡುವ ಉಪಾಯ ಅದು. ಕಂಪೆನಿಯ ಖರ್ಚಿಗೆ ದೇವರ ಹೆಸರು.

"ಎಲ್ಲದಕ್ಕೂ ಖರ್ಚು ಉಂಟಲ್ಲ, ಕಮಿಷನ್ ಏನು ಪಾಪವಾ?" ಅಂತ ಕಮಿಟಿಯ ಇನ್ನೊಬ್ಬರು ಕೇಳಿದ್ರು. ಪಾಪ ಅಲ್ಲ. ಬ್ಯಾಂಕುಗಳನ್ನು ಹೆತ್ತ ಊರಿನವರಿಗೆ ಅದನ್ನು ಹೇಳಿ ಕೊಡ್ಬೇಕಾಗಿಲ್ಲ. ಮಂಗಳೂರಿನಲ್ಲಿ 1906ರಲ್ಲಿ ಕೆನರಾ ಬ್ಯಾಂಕು, 1912ರಲ್ಲಿ ಕ್ಯಾಥೊಲಿಕರ ಸಹಕಾರಿ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು. ಉಡುಪಿಯ ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಶುರು ಮಾಡಿದ್ರು, ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡೆರಡು ಆಣೆ ಒಟ್ಟು ಮಾಡಿಕೊಂಡು ಹೋಗ್ತಿದ್ದ. ಅವನಿಗೆ ಕಮಿಷನ್ ಇತ್ತು. ಯಾರೂ ಬೇಸರ ಮಾಡಲಿಲ್ಲ, ಯಾಕಂದ್ರೆ ಅವನು ಬಿಸಿಲು ಮಳೆ ನೋಡದೆ ನಡೆದು ಬರ್ತಿದ್ದ, ಅವನ ಕೆಲಸ ನಮ್ಮ ಕಣ್ಣಿಗೆ ಕಾಣ್ತಿತ್ತು. ಅವನು ಇಲ್ಲದಿದ್ದರೆ ಆ ಎರಡಾಣೆ ಬ್ಯಾಂಕಿಗೆ ಮುಟ್ಟುತ್ತಲೇ ಇರಲಿಲ್ಲ. ಕೆಲಸಕ್ಕೆ ಕೂಲಿ ಕೊಡುದು ಧರ್ಮ. ಬೇಡದ ಕೆಲಸಕ್ಕೆ, ಕೇಳದೆ, ಕಾಣದ ಹಾಗೆ ಕೊಡುದು ಬೇರೆ.

ನಮ್ಮ ಸಭೆ ಬಾಸೆಲ್ ಮಿಷನಿನ ಕಾಲದ್ದು. 1834ರಲ್ಲಿ ಮಿಷನಿನವರು ಮಂಗಳೂರಿಗೆ ಬಂದು ಇಳಿದ ಕತೆ, ಅವರ ಪ್ರೆಸ್ಸು, 1865ರ ಹಂಚಿನ ಕಾರ್ಖಾನೆ, ಕಿಟ್ಟೆಲರ ನಿಘಂಟು ನಮಗೆಲ್ಲ ಬಾಯಿಪಾಠ. ಅವರಿಗೆ ದುಡ್ಡು ಎಲ್ಲಿಂದ ಬಂತು ಅಂತ ಕೇಳಿದವರು ಕಡಿಮೆ. ಸಿರಿವಂತರಿಂದಲೂ ಬಂತು, ಆದರೆ 1855ರಲ್ಲಿ ಬಾಸೆಲಿನ ಕಾರ್ಲ್ ಸರಾಸಿನ್ ಅನ್ನುವ ವ್ಯಾಪಾರಿ ಅರ್ಧ ಬಾಟ್ಸೆನ್ ಕಾಣಿಕೆ ಅಂತ ಒಂದು ಕ್ರಮ ಶುರು ಮಾಡಿದ್ರು. ಬಾಟ್ಸೆನ್ ಅಂದ್ರೆ ಅಲ್ಲಿನ ಚಿಲ್ಲರೆ ನಾಣ್ಯ. ಸಾಮಾನ್ಯ ಜನ ವಾರಕ್ಕೆ ಅರ್ಧ ಬಾಟ್ಸೆನ್, ಅಂದ್ರೆ ಐದು ಸೆಂಟೀಮು, ಕೊಡುದು. ಹಾಗೆ ಚಿಲ್ಲರೆ ಚಿಲ್ಲರೆಯಾಗಿ ಕೂಡಿಸಿದ ಹಣ ಸಮುದ್ರ ದಾಟಿ ನಮ್ಮ ಊರಿನ ಶಾಲೆಗೂ ಬಂತು. ಚಿಲ್ಲರೆ ಹಣದಿಂದ ದೊಡ್ಡ ಕೆಲಸ ಆಗುದು ಅದು ಚಿಲ್ಲರೆ ಚಿಲ್ಲರೆಯಾಗಿ ಸೋರದೆ ಇದ್ರೆ ಮಾತ್ರ.

1914ರ ಯುದ್ಧ ಬಂತು, ಜರ್ಮನಿಯ ಮಿಷನರಿಗಳನ್ನು ಸರಕಾರ ಹಿಡಿದಿಟ್ಟಿತು, ಕಾರ್ಖಾನೆಗಳು ಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಆಮೇಲೆ ನಮ್ಮ ಹಿರಿಯರು ಸಭೆಯನ್ನು ತಮ್ಮ ಕಾಲ ಮೇಲೆ ನಿಲ್ಲಿಸಬೇಕಾಯ್ತು. ನನ್ನ ಅಜ್ಜಿ ಅನ್ನಕ್ಕೆ ಅಕ್ಕಿ ಅಳೆಯುವಾಗ ಪ್ರತಿದಿನ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕ್ತಿದ್ರು, ಅದು ಸಭೆಗೆ. ಮನೆಯಲ್ಲಿ ಒಂಬತ್ತು ಮಂದಿ, ಮಳೆಗಾಲದಲ್ಲಿ ಅಕ್ಕಿ ಸಾಲದ ದಿನವೂ ಆ ಹಿಡಿ ತಪ್ಪಲಿಲ್ಲ ಅಂತ ಅಮ್ಮ ಈಗಲೂ ಹೇಳ್ತಾರೆ. ತಿಂಗಳಿಗೊಮ್ಮೆ ಸಂಘದ ಹೆಂಗಸರು ಮಡಕೆ ತಂದು ಒಟ್ಟು ಮಾಡಿ, ಅಳೆದು, ಮಾರಿ, ಪುಸ್ತಕದಲ್ಲಿ ಬರೀತಿದ್ರು. ಆ ಹಿಡಿಯಲ್ಲಿ ನಾಲ್ಕು ಕಾಳು ದಾರಿಯಲ್ಲಿ ಬೇರೆಯವರಿಗೆ ಹೋಗ್ತದೆ ಅಂತ ಯಾರಾದ್ರೂ ಹೇಳಿದ್ದರೆ ಅಜ್ಜಿ ಸೌಟು ಹಿಡ್ಕೊಂಡು ಬರ್ತಿದ್ರು.

ಈಗ ಗಲ್ಫಿನ ಮಾತು. ಆ್ಯಪ್ ಬೇಕು ಅನ್ನುವವರ ದೊಡ್ಡ ಕಾರಣ ಇದೇ: "ದುಬಾಯಿ, ಮಸ್ಕತ್, ಕೆನಡಾದಲ್ಲಿರುವ ನಮ್ಮವರು ಕೊಡ್ಲಿಕ್ಕೆ ಸುಲಭ." ಸುಲಭ ಹೌದು, ಆದರೆ ಇಲ್ಲಿಯೇ ಜಾಗ್ರತೆ ಬೇಕಾದದ್ದು. ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ ಅಂತ ಕಾನೂನು ಉಂಟು. ದುಬಾಯಿಯಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇದ್ದವರು ತಮ್ಮ ಸ್ವಂತ ದುಡಿಮೆಯಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಅಲ್ಲ. ಆದರೆ ಅದೇ ಮನೆಯ ಇನ್ನೊಬ್ಬ ಮಗ ಕೆನಡಾದ ಪೌರ ಆಗಿದ್ದರೆ, ಓಸಿಐ ಕಾರ್ಡ್ ಇದ್ದರೂ, ಅವನು ಕೊಟ್ಟದ್ದು ವಿದೇಶಿ ದೇಣಿಗೆಯೇ. ಅದನ್ನು ತಗೊಳ್ಳಲು ಸಭೆಗೆ ಎಫ್‌ಸಿಆರ್‌ಎ ನೋಂದಣಿ ಅಥವಾ ಮೊದಲೇ ಪಡೆದ ಅನುಮತಿ ಬೇಕು, ಮತ್ತೆ 2021ರಿಂದ ಆ ಹಣ ಮೊದಲು ಬಂದು ಬೀಳಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೆ, ಬೇರೆ ಎಲ್ಲಿಗೂ ಅಲ್ಲ. ನಮ್ಮ ಆ್ಯಪ್ ಯಾರ ಪಾಸ್‌ಪೋರ್ಟನ್ನೂ ಕೇಳುದಿಲ್ಲ. ಕಾರ್ಡು ಉಂಟಾ, ಒತ್ತು, ಮುಗೀತು. ಒಂದು ದಿನ ಇಲಾಖೆಯಿಂದ ಪ್ರಶ್ನೆ ಬಂದ್ರೆ ಉತ್ತರ ಕೊಡ್ಬೇಕಾದದ್ದು ಕಂಪೆನಿಯಾ? ಅಲ್ಲ, ಕಮಿಟಿಯವರು. ಗಲ್ಫಿನಲ್ಲಿರುವ ನಮ್ಮ ಮಕ್ಕಳಿಗೆ ಎನ್‌ಆರ್‌ಇ ಖಾತೆ ಉಂಟು, ಅಲ್ಲಿಂದ ನೆಫ್ಟ್ ಮಾಡ್ಲಿ. ಯಾರು ಕೊಟ್ಟದ್ದು, ಎಲ್ಲಿಂದ ಬಂತು ಅಂತ ಸ್ಪಷ್ಟ ಇರ್ತದೆ.

ನೋಟಿಗೂ ಖರ್ಚಿಲ್ಲ ಅಂತ ನಾನು ಹೇಳುದಿಲ್ಲ. ಕ್ಯಾಶ್ ಕೌಂಟರಿನಲ್ಲಿ ಕೂತವಳಿಗೆ ಗೊತ್ತುಂಟು. ಒಂದು ಮಿತಿ ದಾಟಿದ್ರೆ ಬ್ಯಾಂಕುಗಳು ನಗದು ಕಟ್ಟುವುದಕ್ಕೂ ಚಾರ್ಜ್ ಹಾಕ್ತವೆ. ಹರಿದ ನೋಟು, ತುಂಬ ಚಿಲ್ಲರೆ ಅಂದ್ರೆ ಕೌಂಟರಿನವರ ಮುಖ ಸೊಟ್ಟಗಾಗ್ತದೆ, ನನ್ನದೂ ಆಗ್ತಿತ್ತು. 2016ರ ನವೆಂಬರಿನಲ್ಲಿ ಐನೂರು ಸಾವಿರದ ನೋಟು ರದ್ದಾದಾಗ ಕಾಣಿಕೆ ಚೀಲದಲ್ಲಿ ಹಳೇ ನೋಟು ಬಿದ್ದ ಫಜೀತಿಯೂ ನೆನಪುಂಟು. ಆದರೆ ಆ ಖರ್ಚು ಪಾಸ್‌ಬುಕ್ಕಿನಲ್ಲಿ ಒಂದು ಸಾಲಾಗಿ ಬರ್ತದೆ, ಕಾಣ್ತದೆ, ಕೇಳ್ಬಹುದು. ಕೇಳಿದ್ರೆ ಎಷ್ಟೋ ಸಲ ಬ್ಯಾಂಕಿನವರು ಬಿಟ್ಟೂ ಕೊಡ್ತಾರೆ.

ಯುಪಿಐ ಕೂಡ ಯಾವಾಗಲೂ ಪುಕ್ಕಟೆ ಇರ್ತದೆ ಅಂತ ಭರವಸೆ ಇಲ್ಲ. ಈಗ ಅದರ ಖರ್ಚನ್ನು ಬ್ಯಾಂಕುಗಳು ಹೊರ್ತವೆ, ಸರಕಾರ ಬಜೆಟಿನಿಂದ ಸ್ವಲ್ಪ ಪ್ರೋತ್ಸಾಹಧನ ಕೊಟ್ಟಿದೆ, ದೊಡ್ಡ ವ್ಯಾಪಾರಿಗಳಿಗಾದರೂ ಚಾರ್ಜ್ ಹಾಕುವ ಅಂತ ಆ ಕ್ಷೇತ್ರದವರು ಕೇಳ್ತಾ ಇದ್ದಾರೆ. ನಾಳೆ ಚಾರ್ಜ್ ಬಂದ್ರೆ ಬರ್ಲಿ. ಆಗ ಮಹಾಸಭೆಯಲ್ಲಿ ಎದ್ದು ನಿಂತು "ಇಷ್ಟು ಖರ್ಚಾಗ್ತದೆ, ಎಂತ ಮಾಡುವ?" ಅಂತ ಕೇಳುವ. ಕೇಳಿ ಒಪ್ಪಿದ ಖರ್ಚಿಗೆ ನನ್ನ ತಕರಾರಿಲ್ಲ.

ಪುಕ್ಕಟೆ ಆಗ್ಬೇಕು ಅಂತ ಖಜಾಂಚಿಯ ಸ್ವಂತ ಫೋನ್ ನಂಬ್ರಕ್ಕೆ ಕಾಣಿಕೆ ಹಾಕಿಸುವವರೂ ಉಂಟು. ಬಂದ್ ಇದ್ದ ಸಮಯದಲ್ಲಿ ಎಷ್ಟೋ ಸಣ್ಣ ಸಭೆಗಳಲ್ಲಿ ಹಾಗೆ ನಡೆದದ್ದು. ಅದು ಕಮಿಷನಿಗಿಂತಲೂ ಕೆಟ್ಟದ್ದು. ಮನುಷ್ಯ ಎಷ್ಟು ಪ್ರಾಮಾಣಿಕ ಆದ್ರೂ ಅವನ ಸಂಬಳ, ಅವನ ಸಾಲದ ಕಂತು, ದೇವರ ಕಾಣಿಕೆ ಒಂದೇ ಪಾಸ್‌ಬುಕ್ಕಿನಲ್ಲಿ ಸೇರಬಾರದು. ಖಾತೆ ಸಭೆಯ ಹೆಸರಿನಲ್ಲೇ ಇರ್ಬೇಕು, ಇಬ್ಬರ ಸಹಿ ಇರ್ಬೇಕು. ಬಾಗಿಲಲ್ಲಿ ಕ್ಯೂಆರ್ ಹಾಕಿದ್ರೆ ಪ್ರತಿ ಆದಿತ್ಯವಾರ ಒಬ್ಬರು ಸ್ಕ್ಯಾನ್ ಮಾಡಿ ಸಭೆಯ ಹೆಸರೇ ಬರ್ತದಾ ಅಂತ ನೋಡ್ಬೇಕು, ಅಂಗಡಿಗಳಲ್ಲಿ ಕ್ಯೂಆರ್ ಮೇಲೆ ಬೇರೆಯವರ ಸ್ಟಿಕ್ಕರ್ ಅಂಟಿಸಿ ಮೋಸ ಮಾಡಿದ್ದನ್ನು ಪೇಪರಿನಲ್ಲಿ ಓದಿದ್ದೇವಲ್ಲ. ಮತ್ತೆ ಆ ಮಾತಾಡುವ ಪೆಟ್ಟಿಗೆಯನ್ನು ಮಾತ್ರ ತರ್ಬೇಡಿ. ತಿಂಗಳ ಬಾಡಿಗೆಯ ಮಾತು ಹಾಗಿರಲಿ, ಪ್ರಾರ್ಥನೆಯ ನಡುವೆ "ಐವತ್ತು ರೂಪಾಯಿ ಸ್ವೀಕರಿಸಲಾಗಿದೆ" ಅಂತ ಅದು ಬೊಬ್ಬೆ ಹಾಕಿದ್ರೆ, ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಕಲಿಸಿದವರ ಮುಂದೆ ನಾವು ಹೇಗೆ ತಲೆ ಎತ್ತುದು?

ಮಹಾಸಭೆಯಲ್ಲಿ ನಾನು ಎದ್ದು ಮೂರು ಮಾತು ಕೇಳಿದೆ. ಕಾಣಿಕೆಯನ್ನು ಕೊಟ್ಟವರು ಕೊಟ್ಟಷ್ಟೇ ಆದಾಯದ ಬದಿಯಲ್ಲಿ ಬರೀಬೇಕು, ಕಂಪೆನಿ ಹಿಡಿದದ್ದನ್ನು ಖರ್ಚಿನ ಬದಿಯಲ್ಲಿ ಬೇರೆ ಸಾಲಾಗಿ ತೋರಿಸ್ಬೇಕು. ಬ್ಯಾಂಕಿನ ಸ್ವಂತ ಕ್ಯೂಆರ್ ತಂದು ಬಾಗಿಲಲ್ಲಿ ಹಾಕ್ಬೇಕು, ಆ್ಯಪಿನ ಒಪ್ಪಂದ ಮುಂದುವರಿಸಬಾರದು. ಚೀಲ ಮತ್ತು ಲಕೋಟೆ ಹಾಗೇ ಇರ್ಬೇಕು, ಲಕೋಟೆ ಕೊಡುವ ಹಿರಿಯರಿಗೆ ಹಿಂದುಳಿದವರು ಅನ್ನುವ ಹಾಗೆ ಮಾಡಬಾರದು.

ಮೊದಲನೇದು ಎಲ್ಲರೂ ಒಪ್ಪಿದ್ರು. ಮೂರನೇದಕ್ಕೆ ಹಿಂದಿನ ಬೆಂಚಿನ ಅಜ್ಜಂದಿರು ಚಪ್ಪಾಳೆ ತಟ್ಟಿದ್ರು. ಎರಡನೇದು ಅರ್ಧ ಗೆದ್ದದ್ದು. ಒಪ್ಪಂದ ಎರಡು ವರ್ಷದ್ದು, ಈಗ ಬಿಟ್ರೆ ಅದಕ್ಕೂ ದಂಡ ಉಂಟಂತೆ. ಬ್ಯಾಂಕಿನ ಕ್ಯೂಆರ್ ಬಂದಿದೆ, ಆ್ಯಪಿನ ಬೋರ್ಡಿನ ಪಕ್ಕದಲ್ಲೇ ಅಂಟಿಸಿದ್ದಾರೆ, ಬೋರ್ಡಿಗಿಂತ ಸಣ್ಣದಾಗಿ. ಆ್ಯಪಿನವರ ಬೋರ್ಡಿನ ಕೆಳಗೆ "ಇದರಲ್ಲಿ ಕೊಟ್ಟರೆ ನೂರಕ್ಕೆ 2 ರೂ. 36 ಪೈಸೆ ಕಂಪೆನಿಗೆ ಹೋಗ್ತದೆ" ಅಂತ ಬರೆದು ಹಾಕುವ ಅಂದೆ. ಅದಕ್ಕೆ ಮಾತ್ರ ಯಾರೂ ಹೂಂ ಅನ್ನಲಿಲ್ಲ. ಇಷ್ಟು ಸಣ್ಣ ಸತ್ಯ ಬರೀಲಿಕ್ಕೆ ಹಿಂಜರಿತ ಆಗುದಾದ್ರೆ, ಆ ಬೋರ್ಡು ದೇವರ ಮನೆಯ ಬಾಗಿಲಲ್ಲಿ ಎಂತಕ್ಕೆ ಬೇಕು? ಮುಂದಿನ ಮಹಾಸಭೆಯಲ್ಲಿ ಮತ್ತೆ ಕೇಳ್ತೇನೆ.

ತಮ್ಮನ ಮಗ ಎರಡು ವಾರ ನಮ್ಮ ಮನೆಗೆ ಬರಲಿಲ್ಲ. ಮೂರನೇ ವಾರ ಬಂದ, ಅಮ್ಮ ಮಾಡಿದ ಪುಂಡಿ ಮತ್ತು ಕೋಳಿ ಸಾರು ಉಂಡ, ಕೈ ತೊಳೆದು ಬಂದು "ಅಜ್ಜೀ, ನಿಮ್ಮ ಆ್ಯಪ್ ತೆಗೀಲಿಕ್ಕಾ?" ಅಂತ ಕೇಳಿದ. ಅಮ್ಮನಿಗೆ ಅವನ ಮೇಲೆ ಸಿಟ್ಟಿಲ್ಲ, ಯಾವಾಗಲೂ ಇರಲಿಲ್ಲ. "ನನಗೆ ಅದೆಲ್ಲ ಗೊತ್ತಾಗುದಿಲ್ಲ ಮಗಾ. ನಾನು ಇನ್ನೂರು ಕೊಟ್ರೆ ಅಲ್ಲಿ ಇನ್ನೂರು ಬರುದು ಯಾವುದರಲ್ಲಿ, ಅದನ್ನು ಇಡು" ಅಂದ್ರು. ಅವನು ತಲೆ ತಗ್ಗಿಸಿ ಆ್ಯಪ್ ತೆಗೆದ. ಆ ಶನಿವಾರ ರಾತ್ರಿ ಬಿಸ್ಕೆಟಿನ ಡಬ್ಬಿ ಮತ್ತೆ ಹೊರಗೆ ಬಂತು. ಲಕೋಟೆಗಳಿಗೆ ಸ್ವಲ್ಪ ಬೂಷ್ಟು ಹಿಡಿದಿತ್ತು, ನಮ್ಮ ಮಳೆಗಾಲದ ವಿಷಯ ಗೊತ್ತುಂಟಲ್ಲ. ಅಮ್ಮ ಸೆರಗಿನಲ್ಲಿ ಒರೆಸಿ, ಎರಡು ನೋಟು ಹಾಕಿ, ತಾರೀಕು ಬರೆದ್ರು.